ದೋಸೆ ನಿಂತ ಭಾನುವಾರ

ಸಾವಿರದ ಒಂಬೈನೂರ ಎಪ್ಪತ್ತರ ಸುಮಾರು. ಔರಂಗಾಬಾದಿನ ಹೊರಗೆ ಚಿಕಲಠಾಣಾದಲ್ಲಿ ಕಾರ್ಖಾನೆಗಳು ಏಳತೊಡಗಿದ್ದವು. ಉಡುಪಿ ಕಡೆಯ ಜಯಕರ ರಾಯರು ಅಲ್ಲೇ ರಸ್ತೆ ಬದಿಯಲ್ಲಿ ಹೋಟೆಲು ಇಟ್ಟಿದ್ದರು. ಹಿಟ್ಟು ರುಬ್ಬುವವನು ಕಾರ್ಖಾನೆ ಕೆಲಸಕ್ಕೆ ಓಡಿಹೋದ ಮೇಲೆ ಕಲ್ಲಿನ ಮುಂದೆ ಕೂತವಳು ಅವರ ಹೆಂಡತಿ ಸರೋಜಿನಿ. ವರ್ಷ ತುಂಬುವುದರೊಳಗೆ ಅವಳ ಬಲಗೈ ಮೇಲೇಳುವುದೇ ಕಷ್ಟವಾಯಿತು. ರಾಯರು ಪಾಪ, ಮರುಗಿದರು. ಮರುಗುತ್ತ ಗಲ್ಲಾಪೆಟ್ಟಿಗೆಯ ಮುಂದೆಯೇ ಕೂತಿದ್ದರು.

ಊರಿನ ಎಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ವಿಶ್ವನಾಥಪ್ಪ ಗುಲ್ಬರ್ಗ ಕಡೆಯವರು. ಅವರೂ ಮೋಟಾರು ಕಾರ್ಖಾನೆಯ ಮಾಲೀಕ ಹರಿದಾಸ ಶೇಠರೂ ಕೂಡಿ ಕರೆಂಟಿನ ರುಬ್ಬುವ ಯಂತ್ರದ ಸಂಶೋಧನೆಗೆ ಕೈಹಾಕಿದ್ದರು. ಮೊದಲ ಯಂತ್ರ ನಿಮಗೇ ಎಂದು ಸರೋಜಿನಿಗೆ ಮಾತು ಕೊಟ್ಟಿದ್ದರು. ಕೂಡಿ ಎಂದರೆ ಹೆಸರಿಗೆ ಮಾತ್ರ ನೋಡಿ! ಯಂತ್ರ ಹಿಟ್ಟನ್ನೆಲ್ಲ ಛಾವಣಿಗೆ ಹಾರಿಸಿದ ದಿನದಿಂದ ಇಬ್ಬರಿಗೂ ಮಾತಿಲ್ಲ. ನಕ್ಷೆ ತಪ್ಪು ಎಂದು ಶೇಠರು, ತಯಾರಿಕೆ ತಪ್ಪು ಎಂದು ಪ್ರೊಫೆಸರು. ಕಾಲೇಜಿಗೆ ಹೋದರೆ ಶಿಷ್ಯನಾದಂತೆ ಎಂದು ಶೇಠರ ಬಿಂಕ, ಕಾರ್ಖಾನೆಗೆ ಹೋದರೆ ಆಳಾದಂತೆ ಎಂದು ಪ್ರೊಫೆಸರ ಬಿಂಕ. ನಾಲಿಗೆಗೆ ಮಾತ್ರ ಬಿಂಕವಿರಲಿಲ್ಲ. ಭಾನುವಾರ ಇಬ್ಬರೂ ದೋಸೆಗೆ ಹಾಜರು, ಬೆನ್ನಿಗೆ ಬೆನ್ನು ಹಾಕಿಕೊಂಡು.

ಸರೋಜಿನಿಗೆ ಮೈ ಉರಿಯಿತು. ತನ್ನ ತೋಳು ಬಿದ್ದುಹೋಗುತ್ತಿದೆ, ಇವರಿಗೆ ಮುನಿಸಿನ ಆಟ! ಒಂದು ಭಾನುವಾರ ದೋಸೆ ಇಲ್ಲವೆಂದು ಹೇಳಿಸಿಬಿಟ್ಟಳು. ಉಪ್ಪಿಟ್ಟು ಬೇಡವೆಂದು ಇಬ್ಬರೂ ಅಡುಗೆಮನೆಯ ಬಾಗಿಲಿಗೇ ಬಂದರು.

"ಅಕ್ಕಿ ನೆನೆದುಂಟು, ನನ್ನ ಕೈ ಏಳುವುದಿಲ್ಲ. ನಾಳೆ ದೋಸೆ ಬೇಕಾದರೆ ನೀವೇ ಕಲ್ಲಿನ ಮುಂದೆ ಕೂತು ಕಡೆಯಿರಿ. ಅಂಗಿ ಕಳಚಿ, ಕಾಲು ತೊಳೆದು ಬನ್ನಿ," ಎಂದು ಪ್ರೊಫೆಸರಿಗೆ ಹೇಳಿ, ಅದನ್ನೇ ಶೇಠರಿಗೆ ಮರಾಠಿಯಲ್ಲಿ ಬಡಿಸಿದಳು.

ಅಂಗಿ ತೊಟ್ಟು ಕಲ್ಲು ಮುಟ್ಟುವಂತಿಲ್ಲ, ಅದು ಅವಳ ಅಡುಗೆಮನೆಯ ಕಟ್ಟಳೆ. ಊರಿನ ಇಬ್ಬರು ದೊಡ್ಡ ಮನುಷ್ಯರು ಹೊಟ್ಟೆ ಬಿಟ್ಟುಕೊಂಡು ಎದುರುಬದುರು ಕೂತರು. ಒಬ್ಬರು ಗುಂಡು ತಿರುಗಿಸಬೇಕು, ಇನ್ನೊಬ್ಬರು ಹಿಟ್ಟು ಒಳಕ್ಕೆ ತಳ್ಳಬೇಕು. ತಾಳ ತಪ್ಪಿದರೆ ಬೆರಳು ಜಜ್ಜುತ್ತದೆ. ಶೇಠರು ಸಿಟ್ಟಿನಲ್ಲಿ ಗರಗರ ತಿರುಗಿಸಿದರು. ಹಿಟ್ಟೆಲ್ಲ ಪ್ರೊಫೆಸರ ಕನ್ನಡಕಕ್ಕೆ! ಸರೋಜಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪ್ರೊಫೆಸರು ಕನ್ನಡಕ ತೆಗೆದು ಅದಕ್ಕೆ ಮೆತ್ತಿದ ಹಿಟ್ಟನ್ನು ನೋಡಿದರು. ಶೇಠರಿಗೆ ಹೇಳಲು ನಾಲಿಗೆ ಏಳದೆ ಸರೋಜಿನಿಗೆ ಹೇಳಿದರು: "ಅಕ್ಕಾರ, ನನ್ನ ನಕ್ಷೆದಾಗಿನ ವೇಗ ಇದಕ್ಕಿಂತ ಹೆಚ್ಚು ಅದರಿ."

ಅವಳು ಅದನ್ನು ಶೇಠರಿಗೆ ದಾಟಿಸಿದಳು. ಶೇಠರು ಗುಂಡನ್ನು ತಡವಿ, ತಮ್ಮ ಕಾರ್ಖಾನೆಯ ಗುಂಡು ಇಷ್ಟು ದುಂಡಗಿಲ್ಲ ಎಂದು ಮೆಲ್ಲಗೆ ಒಪ್ಪಿಕೊಂಡರು. ಅಕ್ಕಿ ಮುಗಿಯುವುದರೊಳಗೆ ಇಬ್ಬರೂ ಹಿಟ್ಟಿನ ಬೆರಳಲ್ಲಿ ನೆಲದ ಮೇಲೆ ಹೊಸ ನಕ್ಷೆ ಬರೆಯುತ್ತಿದ್ದರು.

ತಿಂಗಳಲ್ಲಿ ಯಂತ್ರ ಹೋಟೆಲಿಗೆ ಬಂತು. ಹಿಟ್ಟು ಬೆಣ್ಣೆಯಂತೆ ಇಳಿಯಿತು. ಸರೋಜಿನಿಗೆ ಸಂತೋಷದಿಂದ ಕಣ್ಣು ತುಂಬಿತು. ಅಷ್ಟರಲ್ಲಿ, ಈಗ ಜೀವದ ಗೆಳೆಯರಾಗಿದ್ದ ಆ ಇಬ್ಬರೂ, ಯಂತ್ರವನ್ನು ಕಾಲೇಜಿಗೆ ಒಯ್ದು ಇನ್ನೊಂದು ವರ್ಷ ಪರೀಕ್ಷೆ ಮಾಡಬೇಕು ಎಂದು ಒಂದೇ ಬಾಯಲ್ಲಿ ಹೇಳಬೇಕೇ!

ಸರೋಜಿನಿಗೆ ಮತ್ತೆ ಒಂದು ವರ್ಷ ಕಲ್ಲೇ ಗತಿ! ಆದರೂ ಅವಳು ಬೇಡ ಎನ್ನಲಿಲ್ಲ.

"ಒಯ್ಯಿರಿ ಮಾರಾಯ್ರೆ. ಅಂಗಿ ಮಾತ್ರ ಇಬ್ಬರೂ ಇಲ್ಲೇ ಕಳಚಿಟ್ಟು ಹೋಗಿ. ದಿನಾ ಬೆಳಿಗ್ಗೆ ಕಡೆಯಲಿಕ್ಕೆ ಬರುವಾಗ ಸಲೀಸಾಗ್ತದೆ."

ಇಬ್ಬರೂ ಯಂತ್ರವನ್ನು ಅಲ್ಲೇ ಬಿಟ್ಟರು. ಯಂತ್ರದ ಪರೀಕ್ಷೆ ಹೋಟೆಲಿನಲ್ಲೇ ಮುಂದುವರಿದಿದೆ ಎಂದು ಕಾಲೇಜಿಗೆ ವರದಿ ಬರೆದು ಕಳಿಸಿದರು. ಸರೋಜಿನಿ ಮುದುಕಿಯಾದರೂ ಆ ಪರೀಕ್ಷೆ ಮುಗಿದಿರಲಿಲ್ಲ.