ಅಂಕವಿಲ್ಲದ ಊರಿಗೆ ಹೊರಡುವ ಮುನ್ನ

ಕ್ಯಾಲಿಫೋರ್ನಿಯಾದ ನಮ್ಮ ಮಾರ್ಗನ್ ಹಿಲ್‌ನಲ್ಲಿ ಹೊಸದಾಗಿ ಪರಿಚಯವಾದ ಕನ್ನಡಿಗರು ಮೊದಲು ಕೇಳುವುದು ಊರು, ಆಮೇಲೆ ಮಕ್ಕಳ ಸ್ಕೂಲು, ಸ್ಕೂಲಿನ ಹೆಸರು ಹೇಳಿದೊಡನೆ ಅದರ ರೇಟಿಂಗು. ಹತ್ತಕ್ಕೆ ಎಷ್ಟು ಎಂಬ ತತ್ತ್ವಜಿಜ್ಞಾಸೆ ಮುಗಿದ ಮೇಲೆಯೇ ಮಾತು ಹವಾಮಾನದ ಕಡೆಗೆ ಹೊರಳುತ್ತದೆ. ಇದನ್ನು ನಗುತ್ತಾ ಬರೆಯುತ್ತಿದ್ದೇನಾದರೂ, ಅಡುಗೆಮನೆಯ ಕಿಟಕಿ ತೆರೆಯುತ್ತದೋ ಇಲ್ಲವೋ ಎಂದೂ ನೋಡದೆ, ಶಾಲೆಯ ರೇಟಿಂಗೊಂದನ್ನೇ ನೋಡಿ ಮನೆ ಹಿಡಿದ ಮಹಾಶಯ ನಾನೇ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಹೀಗಿರುವಾಗ ಮೈಸೂರಿನವಳಾದ ನನ್ನ ಹೆಂಡತಿ ಸವಿತಾ ಒಂದು ಸಂಜೆ ಮೆನ್ಲೋ ಪಾರ್ಕಿನ ಆಫೀಸಿನಿಂದ ಬಂದವಳೇ, ಬ್ಯಾಗು ಕೆಳಗಿಡುವ ಮೊದಲೇ, "ಎರಡು ವರ್ಷ ಹೆಲ್ಸಿಂಕಿ ಆಫೀಸಿಗೆ ಹೋಗ್ತೀಯಾ ಅಂತ ಕೇಳಿದಾರೆ ಕಣೋ" ಎಂದಳು. ಫಿನ್ಲೆಂಡಿನ ಚಳಿಯಾಗಲಿ, ಭಾಷೆಯಾಗಲಿ ಅವಳನ್ನು ಕಾಡಲಿಲ್ಲ. ಕಾಡಿದ್ದು ನಮ್ಮ ಮಗಳು ಇಳಾ. ಏಳು ವರ್ಷದ ಇಳಾಗೆ ಶನಿವಾರ ಬಂತೆಂದರೆ ಹೊಟ್ಟೆನೋವು. ಡಾಕ್ಟರು ತಪಾಸಣೆ ಮಾಡಿ ಏನೂ ಇಲ್ಲವೆಂದಿದ್ದರು. ಶನಿವಾರ ಅವಳಿಗೆ ಗಣಿತದ ಕ್ಲಾಸು, ಕ್ಲಾಸಿನಲ್ಲಿ ಟೆಸ್ಟು.

ಹೆಲ್ಸಿಂಕಿ ಆಫೀಸಿನ ಹೆಲೆನಾ ಇಬ್ಬರು ಮಕ್ಕಳ ತಾಯಿ. ಶಾಲೆಯ ಬಗ್ಗೆ ಹೇಳುತ್ತೇನೆಂದು ಒಂದು ಶನಿವಾರ ಬೆಳಿಗ್ಗೆ ವಿಡಿಯೋದಲ್ಲಿ ಪ್ರತ್ಯಕ್ಷಳಾದಳು. ಧಾರವಾಡದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾಗಿ, ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದ ನನ್ನ ಅವ್ವ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತಳು. ಹೆಲೆನಾ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು, ನಾನು ಅವ್ವನಿಗೆ ಕನ್ನಡ ಮಾಡುತ್ತಾ ಹೋದೆ: ಮಕ್ಕಳು ಒಂದನೇ ತರಗತಿಗೆ ಸೇರುವುದೇ ಏಳನೇ ವರ್ಷಕ್ಕೆ, ಊಟ, ಪುಸ್ತಕ ಎಲ್ಲ ಶಾಲೆಯದೇ, ಪಾಠದ ನಡುನಡುವೆ ಹಿಮದಲ್ಲೂ ಹೊರಗೆ ಆಟ, ಟೀಚರನ್ನು ಹೆಸರು ಹಿಡಿದೇ ಕರೆಯುವುದು, ಚಿಕ್ಕ ತರಗತಿಗಳಲ್ಲಿ ಸಾಮಾನ್ಯವಾಗಿ ಅಂಕಗಳಿಲ್ಲ. ಅಂಕವಿಲ್ಲದ ಶಾಲೆಯೆಂದರೆ ಅಂಕೆಯಿಲ್ಲದ ಶಾಲೆಯೇ ಇರಬೇಕೆಂದು ನನಗೆ ಅನುಮಾನವಾಯಿತು.

"ಇದರಲ್ಲೆಲ್ಲ ಒಳ್ಳೆಯ ಸ್ಕೂಲು ಯಾವುದು?" ಎಂದೆ.

"ಹತ್ತಿರದ್ದು," ಎಂದಳು ಹೆಲೆನಾ.

ನೆಟ್‌ವರ್ಕು ಕೈಕೊಟ್ಟಿತೆಂದುಕೊಂಡು ಪ್ರಶ್ನೆಯನ್ನು ಮತ್ತೆ, ಇನ್ನಷ್ಟು ಜೋರಾಗಿ ಕೇಳಿದೆ. ಅವಳು ನನಗಿಂತ ಹೆಚ್ಚು ಗಲಿಬಿಲಿಗೊಂಡು, "ಯಾಕೆ, ನಿಮ್ಮ ಮನೆ ಹತ್ತಿರದ ಸ್ಕೂಲಿಗೆ ಏನಾಗಿದೆ?" ಎಂದಳು.

ಅವ್ವನಿಗೆ ತಡೆಯಲಾಗಲಿಲ್ಲ. "ಮಾರ್ಕ್ಸ್ ಇಲ್ಲಂದ್ರ ಶ್ಯಾಣ್ಯಾ ಯಾರು, ದಡ್ಡ ಯಾರು ಅಂತ ಹೆಂಗ ಗೊತ್ತಾಗ್ತದ? ಕೇಳೋ ಆಕಿಗೆ."

ಕೇಳಿದೆ. ಟೀಚರಿಗೆ ಮಕ್ಕಳು ಗೊತ್ತಿರುತ್ತಾರಲ್ಲ ಎಂದಳು ಹೆಲೆನಾ. ಹಿಂದೆ ಬಿದ್ದ ಮಗುವಿಗೆ ಅಲ್ಲೇ, ಆ ಶಾಲೆಯಲ್ಲೇ ಇನ್ನೊಬ್ಬ ಟೀಚರು ಸಹಾಯಕ್ಕೆ ಕೂರುತ್ತಾರೆ, ಅದರಲ್ಲಿ ನಾಚಿಕೆಯೇನಿಲ್ಲ. "ಹಂಗಾರ ಟ್ಯೂಷನ್ನಿಗೆ ಯಾರು ಬರ್ತಾರ ಮತ್ತ?" ಎಂದು ಅವ್ವ ನನ್ನನ್ನೇ ಕೇಳಿದಳು. ಇದನ್ನು ನಾನು ಅನುವಾದಿಸಲಿಲ್ಲ.

ಕಾಲ್ ಮುಗಿದಾಗ ಇಳಾ ಮೆಟ್ಟಿಲ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳೆಂದು ತಿಳಿಯಿತು. "ಮಾರ್ಕ್ಸೇ ಇಲ್ದಿರೋ ಸ್ಕೂಲಿಗೆ ಹೋಗೋಣ್ವಾ ಪುಟ್ಟಿ?" ಎಂದಳು ಸವಿತಾ. ಮಗು ಕುಣಿದಾಡುತ್ತದೆಂದು ನಾವೆಲ್ಲ ಕಾದೆವು. ಅವಳು ಹುಬ್ಬು ಗಂಟಿಕ್ಕಿ, "ಬಟ್ ದೆನ್, ಹೌ ವಿಲ್ ಯು ನೋ ಐ ಆಮ್ ಗುಡ್?" ಎಂದಳು.

ತನ್ನ ಪ್ರಶ್ನೆಯೇ ಮೊಮ್ಮಗಳ ಬಾಯಿಂದ ಬಂದದ್ದು ಅವ್ವನಿಗೆ ಹೇಗೆ ನಾಟಿತೋ, ಎದ್ದು ಹೋಗಿ ಅವಳ ಪಕ್ಕದ ಮೆಟ್ಟಿಲ ಮೇಲೆ ಕುಳಿತಳು. "ನನಗ ಗೊತ್ತದಲ್ಲ," ಎಂದಳು.

"ಹೇಗೆ?"

ಆಯುಷ್ಯವೆಲ್ಲ ಉತ್ತರಪತ್ರಿಕೆ ತಿದ್ದಿದವಳು, "ಹಂಗಽ ಗೊತ್ತದ," ಎಂದಳು. ಇಳಾ ಒಪ್ಪಿದಂತೆ ಕಾಣಲಿಲ್ಲ. ಆದರೂ ಅಜ್ಜಿಗೆ ಒರಗಿಕೊಂಡಳು. ಆ ದಿನ ಕ್ಲಾಸಿಗೆ ಹೊರಡೋಣವೆಂದು ಯಾರೂ ಅನ್ನಲಿಲ್ಲ.

ಸೋಮವಾರ ಸವಿತಾ ಒಪ್ಪಿಗೆ ಹೇಳಿದಳು. ನಾನು ಒಪ್ಪಿದೆನೋ, ಸುಮ್ಮನೆ ತಲೆಯಾಡಿಸಿದೆನೋ ನನಗೇ ಸ್ಪಷ್ಟವಿಲ್ಲ. ಎರಡು ವರ್ಷ ಆಡಿ ಮರಳಿದ ಮಗುವನ್ನು ಇಲ್ಲಿಯ ಓಟದಲ್ಲಿ ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಲೇಬೇಕೇ ಎಂಬುದಕ್ಕೆ ಫ್ರೀವೇಯಲ್ಲಿ ದಿನಕ್ಕೊಂದು ಉತ್ತರ ಹೊಳೆಯುತ್ತದೆ, ಆಫೀಸು ತಲುಪುವಷ್ಟರಲ್ಲಿ ಅದು ತಪ್ಪೆನಿಸುತ್ತದೆ.

ನಿನ್ನೆ ನಾನು ಮನೆಯಿಂದಲೇ ಕೆಲಸ ಮಾಡುತ್ತಾ ಒಂದು ಮೀಟಿಂಗಿಗೆ ಕೂರುವ ಹೊತ್ತಿಗೆ ಇಳಾ ಒಂದು ಹಸಿರು ಕುದುರೆಯ ಚಿತ್ರ ಬಿಡಿಸಿ ತಂದಳು. ಅಭ್ಯಾಸಬಲದಿಂದ "ವೆರಿ ಗುಡ್" ಎನ್ನಲು ತೆರೆದ ಬಾಯನ್ನು ತಡೆದು, "ಇದು ಎಲ್ಲಿಗೆ ಹೊರಟಿದೆ?" ಎಂದು ಕೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಕುರ್ಚಿ ಹತ್ತಿ ಕುಳಿತು, ತಡವರಿಸುವ ಕನ್ನಡದಲ್ಲಿ ಹೇಳತೊಡಗಿದಳು. ಕುದುರೆ ಸಮುದ್ರ ದಾಟಿ ಊರು ಸೇರುವಷ್ಟರಲ್ಲಿ ನನ್ನ ಮೀಟಿಂಗು ಮುಗಿದುಹೋಗಿತ್ತು.