ಅಕ್ಕೋರು ತೋರಿಸಿದ ಅರುಂಧತಿ

ಮೊನ್ನೆ ಪಕ್ಕದ ಮನೆಯವರು ದಾಸವಾಳದ ಗಿಡಕ್ಕೆ ಬಿಳಿ ಹುಳ ಹತ್ತಿದೆ ಎಂದು ಬೇವಿನೆಣ್ಣೆ ಸಿಂಪಡಿಸುತ್ತಿದ್ದರು. ಬೇಸಿಗೆಯ ಸಂಜೆ ಹರಿಹರದಲ್ಲಿ ಹೊಳೆಯ ಕಡೆಯಿಂದ ಒಂದಿಷ್ಟು ಗಾಳಿ ಬರುತ್ತದೆ. ಆ ಗಾಳಿಯ ಜೊತೆ ಬೇವಿನೆಣ್ಣೆಯ ಕಟು ವಾಸನೆ ನಮ್ಮ ಅಡುಗೆಮನೆಗೆ ನುಗ್ಗಿತು. ನಮ್ಮನೆಯವರು ಮೂಗು ಹಿಡಿದುಕೊಂಡು ಕಿಟಕಿ ಹಾಕಲು ಬಂದರು. ನಾನು ಬೇಡವೆಂದೆ. ಬೇರೆಯವರಿಗೆ ಅದು ಗಿಡದ ಔಷಧಿ ಇರಬಹುದು, ನನಗೆ ಆ ವಾಸನೆಯೆಂದರೆ ಅಕ್ಕೋರು...

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವುದು ರೂಢಿ. ಇವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ, ದಾವಣಗೆರೆಯ ವಿದ್ಯಾನಗರದಲ್ಲಿ ನನ್ನ ತವರಿನ ಪಕ್ಕದ ಮನೆಯಲ್ಲಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಕತ್ತಲಾಗುತ್ತಿದ್ದ ಹಾಗೆ ಕೈಕಾಲಿಗೆ ಕೊಬ್ಬರಿಎಣ್ಣೆ ಬೆರೆಸಿದ ಬೇವಿನೆಣ್ಣೆ ಬಳಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿತ್ತಲಿಗೆ ದೂರದರ್ಶಕ ಹೊತ್ತು ತರುತ್ತಿದ್ದರು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಸೊಳ್ಳೆಗೆ ಹೆದರುವವರು ಚಂದ್ರನನ್ನು ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಲಿ ಎನ್ನುತ್ತಿದ್ದರು.

ಹಿತ್ತಲ ಗೋಡೆಯಾಚೆ ಬೀದಿದೀಪ ಬಂದ ಮೇಲೆ ಆಕಾಶದ ಮಸುಕು ಮಸುಕಾದ ವಸ್ತುಗಳೆಲ್ಲ ಆ ಬೆಳಕಿನಲ್ಲಿ ಕರಗಿಹೋದವು. ಅಕ್ಕೋರು ಅದಕ್ಕಾಗಿ ಕೊರಗಿದ್ದನ್ನು ನಾನು ನೋಡಲಿಲ್ಲ. ಬೀದಿದೀಪಕ್ಕೆ ಸೊಪ್ಪು ಹಾಕದವು ಇನ್ನೂ ಇದ್ದವಲ್ಲ, ಚಂದ್ರ ಮತ್ತು ಜೋಡಿ ನಕ್ಷತ್ರಗಳು. ಚಂದ್ರನಲ್ಲಿಯೂ ಹುಣ್ಣಿಮೆಯವನು ಅವರಿಗೆ ಬೇಡ. "ಮುಖದ ತುಂಬ ಪೌಡರ್ ಬಡ್ಕೊಂಡಂಗೆ ಇರ್ತಾನೆ, ಏನೂ ಗೊತ್ತಾಗಲ್ಲ" ಎನ್ನುತ್ತಿದ್ದರು. ಅರ್ಧ ಚಂದ್ರನಿದ್ದಾಗ ಬೆಳಕು ಮುಗಿದು ಕತ್ತಲೆ ಶುರುವಾಗುವ ಗೆರೆಯ ಮೇಲೆ ಕುಳಿಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಅಲ್ಲೇ ನೋಡಬೇಕು, ನೋಡುತ್ತಲೇ ಇರಬೇಕು.

ಜೋಡಿ ನಕ್ಷತ್ರವೆಂದರೆ ಬರಿಗಣ್ಣಿಗೆ ಒಂದೇ ಚುಕ್ಕಿಯಾಗಿದ್ದು, ದೂರದರ್ಶಕದಲ್ಲಿ ಎರಡಾಗುವಂಥದ್ದು. ಹಂಸವೆಂಬ ನಕ್ಷತ್ರಪುಂಜದ ಕೊಕ್ಕಿನಲ್ಲಿ ಒಂದು ಕಿತ್ತಳೆ ಬಣ್ಣದ್ದು, ಅದಕ್ಕೆ ಅಂಟಿದಂತೆ ಒಂದು ನೀಲಿ. ಅದನ್ನು ಮೊದಲ ಸಲ ಕಂಡಾಗ ನಾನು ಬಹಳ ಹೊತ್ತು ಕುರ್ಚಿ ಬಿಡಲಿಲ್ಲ. ಆದರೆ ಅಕ್ಕೋರು ಏನು ಕಾಣುತ್ತದೆಂದು ಯಾವತ್ತೂ ಮುಂಚಿತವಾಗಿ ಹೇಳುತ್ತಿರಲಿಲ್ಲ. ನೋಡಿ ಎದ್ದ ಮೇಲೆ ಒಂದೇ ಪ್ರಶ್ನೆ: "ಏನ್ ಕಾಣ್ತು?" ಒಂದೊಂದು ಸಲ ಬೇಕಂತಲೇ ಒಂಟಿ ನಕ್ಷತ್ರಕ್ಕೆ ತಿರುಗಿಸಿಟ್ಟು ಕೂರಿಸುತ್ತಿದ್ದರು. ನನ್ನ ಸೋದರಮಾವ ಹಾಗೆ ಸಿಕ್ಕಿಬಿದ್ದವರು. "ಆಹಾ, ಎರಡೂ ಎಷ್ಟು ಚೆನ್ನಾಗಿ ಕಾಣ್ತಾವ್ರಿ!" ಎಂದರು. ಅಕ್ಕೋರು ಅವರಿಗೆ ಕಾಫಿ ಕೊಟ್ಟು ಕಳಿಸಿದರು, ಮತ್ತೆಂದೂ ಕರೆಯಲಿಲ್ಲ. ಬಿಕಾಂ ಓದುತ್ತಿದ್ದ ನನ್ನನ್ನೂ ಅದೇ ಕುರ್ಚಿಯಲ್ಲಿ ಕೂರಿಸಿದರು. ನನಗೆ ಕಂಡದ್ದು ಒಂದು, ಒಂದೇ ಅಂದೆ. "ನಾಳೆಯಿಂದ ದಿನಾ ಬಾ" ಎಂದರು. ಅಲ್ಲಿಂದ ಮದುವೆಯಾಗುವವರೆಗೆ ಆ ಹಿತ್ತಲು ನನಗೆ ಇನ್ನೊಂದು ಮನೆಯಾಯಿತು.

ನನ್ನ ಮದುವೆ ಹರಿಹರದಲ್ಲಿ, ಬಿಸಿಲು ಬೆಂಕಿಯಾಗಿದ್ದ ದಿನಗಳಲ್ಲಿ. ತಾಳಿ ಕಟ್ಟಿ ಅಕ್ಕಿಕಾಳು ಬಿದ್ದ ಮೇಲೆ, ಮದುವೆ ಮಾಡಿಸುತ್ತಿದ್ದ ಅಯ್ಯನವರು ನಮ್ಮಿಬ್ಬರನ್ನೂ ಕಲ್ಯಾಣಮಂಟಪದ ಬಾಗಿಲಿಗೆ ಕರೆತಂದು ಆಕಾಶದತ್ತ ಬೆರಳು ತೋರಿಸಿದರು. ಎಲ್ಲ ಮದುವೆಯಲ್ಲೂ ನಡೆಯುವುದೇ. ಸಪ್ತರ್ಷಿಗಳಲ್ಲಿ ವಸಿಷ್ಠ, ಅವನ ಪಕ್ಕದಲ್ಲಿ ಅರುಂಧತಿ, ಅವರಂತೆ ಬಾಳಿರಿ ಎಂದು. ಮುಹೂರ್ತ ಹಗಲಿನದ್ದಾದರೂ ಎಲ್ಲರೂ ತಲೆಯೆತ್ತಿ ಹೂಂ ಎಂದು ಊಟಕ್ಕೆ ಹೋಗುತ್ತಾರೆ.

"ಅರುಂಧತಿ ಕಾಣ್ತೇನವ್ವಾ?" ಎಂದರು ಅಯ್ಯನವರು. ನಮ್ಮನೆಯವರು ಆಗಲೇ ಹೂಂ ಎಂದಾಗಿತ್ತು. ನಾನು ಮೇಲೆ ನೋಡಿದೆ. ಕಣ್ಣು ಕುಕ್ಕುವ ಬಿಸಿಲು, ಶಾಮಿಯಾನದ ಅಂಚು, ದೂರದಲ್ಲೊಂದು ಹದ್ದು.

"ಕಾಣ್ಲಿಲ್ರಿ" ಎಂದೆ.

ನಾನೇನು ಸತ್ಯಹರಿಶ್ಚಂದ್ರನ ಮೊಮ್ಮಗಳಲ್ಲ. ಅಷ್ಟು ಕಾಲ ಹಿತ್ತಲಲ್ಲಿ ಕೂತು ಬಾಯಿಗೆ ಹತ್ತಿದ ಅಭ್ಯಾಸ, ಅಷ್ಟೇ. ಅಯ್ಯನವರು ನಾಚಿಕೆಯೆಂದುಕೊಂಡು ಮತ್ತೆ ಬೆರಳು ಮಾಡಿದರು. ನಾನು ಮತ್ತೆ ನೋಡಿ ಮತ್ತೆ ಅದನ್ನೇ ಹೇಳಿದೆ. ಫೋಟೋ ತೆಗೆಯುವವನು ಕಿಸಕ್ಕನೆ ನಕ್ಕ. ಬೇರೆ ಯಾರೂ ನಗಲಿಲ್ಲ.

ನಮ್ಮನೆಯವರ ಅಜ್ಜಿ ಮುಂದೆ ಬಂದರು. ಆ ಮನೆಯಲ್ಲಿ ಅವರ ಮಾತೇ ಮಾತು. ಮುಖ ಬಿಳುಚಿಕೊಂಡಿತ್ತು. ಮದುಮಗಳಿಗೆ ಅರುಂಧತಿ ಕಾಣದಿದ್ದರೆ ಗಂಡನ ಆಯುಸ್ಸು ಕಡಿಮೆ ಎಂದು ಹಳೆಯ ಕಾಲದವರು ನಂಬುತ್ತಾರೆ. "ಬಾಯ್ಬಿಟ್ಟು ಕಾಣ್ಲಿಲ್ಲ ಅಂದಾಳೆ. ಇಂಥಾಕಿನ್ನ ನಾನು ಹೆಂಗೆ ಮನೆ ತುಂಬಿಸ್ಕೊಳ್ಲಿ? ನನ್ನ ಮೊಮ್ಮಗನ ಗತಿ ಏನು?" ಎಂದರು. ಅವ್ವ ನನ್ನ ತೋಳು ಚಿವುಟಿ, "ಈಗ ಕಾಣ್ತು ಅನ್ನೇ, ನಿನ್ನ ಬಾಯಿಗೇನು ಬ್ಯಾನಿ ಬಂದೈತೆ?" ಎಂದು ಹಲ್ಲು ಕಚ್ಚಿದಳು. ಆದರೆ ಈಗ ಅಂದರೆ ನಂಬುವವರು ಯಾರು? ಅಜ್ಜಿ ಹೇಳಿಯೇಬಿಟ್ಟರು, ಅರುಂಧತಿ ಕಾಣುವವರೆಗೆ ಹುಡುಗಿ ಹೊಸ್ತಿಲು ದಾಟುವುದು ಬೇಡ.

ಅಷ್ಟರಲ್ಲಿ ಊಟದ ಸಾಲಿನಿಂದ ಅಕ್ಕೋರು ಎದ್ದು ಬಂದರು. ಹೋಳಿಗೆ ಎಲೆಯಲ್ಲೇ ಬಿಟ್ಟಿದ್ದರು. ಇನ್ನು ಇವರು ಬುದ್ಧಿ ಹೇಳುತ್ತಾರೆ ಎಂದು ಅವ್ವನಿಗೆ ಜೀವ ಬಂದಂತಾಯಿತು.

"ಹುಡುಗಿ ಹೇಳಿದ್ದು ಸರಿ ಐತೆ" ಎಂದರು ಅಕ್ಕೋರು. "ಹಗಲೊತ್ತು ಅರುಂಧತಿ ಯಾರಿಗೂ ಕಾಣಲ್ಲ. ಸಂಜೆಗೆ ನಾನು ತೋರಿಸ್ತೀನಿ, ನೀವೂ ನೋಡೀರಂತೆ."

"ತಾಳಿ ಕಟ್ಟಿಸ್ಕೊಳ್ಳದೋರು ಅರುಂಧತಿ ತೋರಿಸ್ತಾರಂತೆ!" ಎಂದರು ಅಜ್ಜಿ.

"ನನಗೆ ಗಂಡ ಇಲ್ಲ, ಖರೇ. ಕಣ್ಣು ಅದಾವಲ್ರಿ" ಎಂದು ಹೇಳಿ, ಅಕ್ಕೋರು ಸೆರಗು ಹೊದ್ದುಕೊಂಡು ದಾವಣಗೆರೆ ಬಸ್ಸು ಹಿಡಿಯಲು ಹೊರಟೇಬಿಟ್ಟರು.

ಮದುಮಗಳಾದ ನನ್ನನ್ನು ಗಂಡನ ಮನೆಯ ಎದುರುಮನೆಯಲ್ಲಿ ಕೂರಿಸಿದರು. ಬಾಸಿಂಗದ ಗುರುತು ಹಣೆಯಲ್ಲಿ ಉರಿಯುತ್ತಿತ್ತು. ನಾಲ್ಕು ಗಂಟೆಗೆಲ್ಲ ಆನಗೋಡಿನ ದಿಕ್ಕಿನಿಂದ ಮೋಡ ಕವಿಯಿತು. ಇಂದು ಆಕಾಶ ಕೈಕೊಟ್ಟರೆ ನಾಳೆ, ನಾಳೆ ಕೊಟ್ಟರೆ ನಾಡಿದ್ದು... ಅಷ್ಟು ದಿನ ಎದುರುಮನೆಯಲ್ಲಿ ಕೂತ ಸೊಸೆಯ ಬಗ್ಗೆ ಊರು ಏನೆನ್ನುತ್ತದೆ? ಅವ್ವ ಮಾತು ಬಿಟ್ಟಿದ್ದಳು. ನಮ್ಮನೆಯವರು ಆಗಾಗ ಕಾಂಪೌಂಡಿನಿಂದ ಇಣುಕಿ, ಏನಾದರೂ ಬೇಕೇ ಎಂದು ಕೈಸನ್ನೆ ಮಾಡುತ್ತಿದ್ದರು. ಆವತ್ತು ನನಗೆ ಆದ ಒಂದೇ ಒಂದು ಸಮಾಧಾನ ಅದು.

ಕತ್ತಲಾಗುವ ಹೊತ್ತಿಗೆ ಸಾಮಾನಿನ ಆಟೋ ಒಂದು ಬಂದು ನಿಂತಿತು. ಕೌದಿಯಲ್ಲಿ ಸುತ್ತಿದ ದೂರದರ್ಶಕವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಅಕ್ಕೋರು ಹಿಂದೆ ಕೂತಿದ್ದರು. ಗಂಡನ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೂರುಕಾಲಿನ ಸ್ಟ್ಯಾಂಡು ಹೂಡಿದರು. ಬೇವಿನೆಣ್ಣೆಯ ಸೀಸೆಯನ್ನೂ ತಂದಿದ್ದರು. ರೇಷ್ಮೆ ಸೀರೆಯುಟ್ಟ ಬೀಗರೆಲ್ಲ ಮುಖ ಸಿಂಡರಿಸಿಕೊಂಡೇ ಕೈಕಾಲಿಗೆ ಸವರಿಕೊಂಡರು. ನನ್ನನ್ನು ಪಕ್ಕದ ಸಂದಿಯಿಂದ ಹಿತ್ತಲಿಗೇ ಕರೆತಂದರು, ಹೊಸ್ತಿಲು ತುಳಿಯದ ಹಾಗೆ.

ಉತ್ತರಕ್ಕೆ ಇನ್ನೂ ಮೋಡ. ಪಡುವಣದಲ್ಲಿ ಮಾತ್ರ ಬಯಲಾಗಿ ಎಳೆಯ ಚಂದ್ರ ಕಂಡಿದ್ದ. ಅಕ್ಕೋರು ಅವನಿಗೆ ತಿರುಗಿಸಿ, "ಕಾಯೋ ಹೊತ್ನಾಗೆ ಇವನ್ನ ನೋಡ್ರಿ ಅಮ್ಮಾ" ಎಂದು ಅಜ್ಜಿಯನ್ನು ಕರೆದರು. ಅಜ್ಜಿ ಮೊದಲು ಕಟ್ಟೆ ಬಿಟ್ಟೇಳಲಿಲ್ಲ. ಮಕ್ಕಳೂ ದೊಡ್ಡವರೂ ಒಬ್ಬೊಬ್ಬರಾಗಿ ನೋಡಿ ಹೋ ಎನ್ನುತ್ತಿದ್ದರೆ ಎಷ್ಟು ಹೊತ್ತು ಬಿಂಕ ಮಾಡಿಯಾರು! ಬಂದು ಕಣ್ಣಿಟ್ಟರು. "ಏನ್ ಕಾಣ್ತು?" ಎಂದರು ಅಕ್ಕೋರು, ಎಲ್ಲರನ್ನೂ ಕೇಳುವಂತೆಯೇ. "ಸುಣ್ಣದ ಗೋಡೆ ಗಾರೆ ಉದುರಿದಂಗೆ ಐತಲ್ರಿ, ಬರೇ ಗುಂಡಿ" ಎಂದರು ಅಜ್ಜಿ. ಅಕ್ಕೋರ ಮುಖ ಅರಳಿತು. ಕಂಡದ್ದನ್ನು ಕಂಡಂತೆ ಹೇಳುವವರೆಂದರೆ ಅವರಿಗೆ ಪ್ರಾಣ.

ಕೊನೆಗೂ ಉತ್ತರದ ಮೋಡ ಸರಿಯಿತು. ಅಕ್ಕೋರು ದೂರದರ್ಶಕ ತಿರುಗಿಸಿ, ಸರಿಮಾಡಿ, ನನ್ನನ್ನು ಕೂರಿಸಿದರು. ನಾನು ನೋಡಿದೆ. ದೂರದಲ್ಲಿ ಒಂದು ನಕ್ಷತ್ರ. ಈ ಕಡೆ ಒಂದಕ್ಕೊಂದು ಒತ್ತಿಕೊಂಡು ಎರಡು. ಮತ್ತೆ ನೋಡಿದೆ. ಜಗತ್ತಿಗೆಲ್ಲ ವಸಿಷ್ಠ ಅರುಂಧತಿ ಇಬ್ಬರು. ಎರಡು ಎಂದುಬಿಟ್ಟರೆ ಇಲ್ಲಿಗೆ ಎಲ್ಲ ಮುಗಿಯುತ್ತಿತ್ತು, ನಾನು ಒಳಗೆ ಹೋಗುತ್ತಿದ್ದೆ.

"ಏನ್ ಕಾಣ್ತು?"

"ಮೂರು" ಎಂದೆ.

ಅವ್ವ ಹಣೆ ಚಚ್ಚಿಕೊಂಡಳು. "ಮೂರ್ನೇದು ಯಾರು?" ಎಂದರು ಅಜ್ಜಿ ಗಾಬರಿಯಾಗಿ. ಅಕ್ಕೋರು ಶಾಂತವಾಗಿ, ವಸಿಷ್ಠ ಬರಿಗಣ್ಣಿಗೆ ಒಬ್ಬನೇ, ಇದರಲ್ಲಿ ನೋಡಿದರೆ ಅವನೇ ಇಬ್ಬರು, ದೂರ ಇರುವವಳು ಅರುಂಧತಿ ಎಂದು ತಿಳಿಸಿದರು. ಅಜ್ಜಿಗೆ ನಂಬಿಕೆಯಾಗಲಿಲ್ಲ. ನನ್ನನ್ನು ಎಬ್ಬಿಸಿ ತಾವೇ ಕೂತರು. ಕೂತವರು ಏಳಲೇ ಇಲ್ಲ. ನೋಡುತ್ತಲೇ ಇದ್ದರು. ಆಮೇಲೆ ಕಣ್ಣು ತೆಗೆಯದೆಯೇ ಮೆಲ್ಲಗೆ ಮಾತಾಡಿದರು.

"ನನ್ನ ಮದುವ್ಯಾಗೆ ನಾನೂ ಹೂಂ ಅಂದಿದ್ದೆ. ಕಂಡಿರ್ಲಿಲ್ಲ. ಬೈತಾರಂತ ಸುಳ್ಳು ಹೇಳ್ದೆ... ಅವ್ರು ಸಣ್ಣ ವಯಸ್ಸಿನಾಗೇ ಹೋಗಿಬಿಟ್ರು. ನನ್ನ ಸುಳ್ಳಿಂದಾನೇ ಹೋದ್ರು ಅನ್ಕೊಂಡೇ ಇಷ್ಟು ವರ್ಷ ಬದುಕಿದ್ದೀನಿ."

ಬೆಳಗಿನಿಂದ ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ಭಯ ಎಂದು ನನಗೆ ಆಗ ತಿಳಿಯಿತು. ಅಕ್ಕೋರು ಒಗೆಯುವ ಕಲ್ಲಿನ ಮೇಲೆ ಅವರ ಪಕ್ಕ ಕೂತರು. ಅವರು ಯಾರನ್ನಾದರೂ ಮುಟ್ಟಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಆವತ್ತು ಅಜ್ಜಿಯ ಕೈ ಹಿಡಿದುಕೊಂಡರು.

"ಹಗಲಿನಾಗೆ ಯಾರ ಮದುವ್ಯಾಗೂ ಯಾರಿಗೂ ಕಂಡಿಲ್ರಿ ಅಮ್ಮಾ. ಕಾಣದ್ದಕ್ಕೆ ಗಂಡ ಸಾಯೋದಾದ್ರೆ ಊರಾಗೆ ಯಾವ ಗಂಡಸೂ ಉಳೀತಿರ್ಲಿಲ್ಲ. ನಿಮ್ಮಿಂದ ಏನೂ ಆಗಿಲ್ಲ. ಇದನ್ನ ನಾನು ನೋಡಿ ಹೇಳ್ತಿರೋದು, ಕೇಳಿ ಹೇಳ್ತಿಲ್ಲ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದರು. ಅವರ ದನಿ ಬದಲಾಗಿತ್ತು. "ಗಂಡನಿಗೆ ಅಂಟ್ಕೊಂಡಿರಾಕಿ ಅತ್ತೇನೇ ಇರ್ಬೇಕು. ಹೆಂಡ್ತಿ ನೋಡು ಪಾಪ, ಅಷ್ಟು ದೂರ ನಿಂತಾಳೆ!" ಹಿತ್ತಲಿಗೆ ಹಿತ್ತಲೇ ನಕ್ಕಿತು. ನನ್ನ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಅಜ್ಜಿ ಎದ್ದು, "ಬಾ ನನ್ನವ್ವಾ, ಸೇರು ಒದ್ದು ಒಳಗ್ ಬಾ. ಇಷ್ಟೊತ್ತು ಹೊರಗೆ ನಿಲ್ಲಿಸ್ದೆ" ಎಂದು ಮುಂಬಾಗಿಲಿಗೆ ನನ್ನನ್ನು ತಾವೇ ಕರೆದೊಯ್ದರು.

ಆಮೇಲೆ ಅಕ್ಕೋರು ಹರಿಹರಕ್ಕೆ ಬಂದಾಗಲೆಲ್ಲ ಅಜ್ಜಿಯದು ಒಂದೇ ವರಾತ, ದುರ್ಬೀನು ಯಾಕೆ ತರಲಿಲ್ಲ ಎಂದು. ಅಜ್ಜಿ ಗಟ್ಟಿಮುಟ್ಟಾಗಿ ಬಹಳ ಕಾಲ ಬದುಕಿದರು. ನಮ್ಮ ನೆಂಟರ ಮದುವೆಗಳಲ್ಲಿ ಅಯ್ಯನವರು ಬೆರಳೆತ್ತಿದರೆ, "ಸಂಜೆ ತೋರಿಸ್ರಿ, ಈಗ ಮಕ್ಕಳಿಗೆ ಊಟಕ್ಕೆ ಬಿಡ್ರಿ" ಎಂದು ಗದರುತ್ತಿದ್ದರು.

ಅಕ್ಕೋರ ಕಣ್ಣು ಮೊದಲು ಸೋತಿತು. ನೋಟದ ಅಂಚು ಉಳಿದು ನಡುಭಾಗವೇ ಹೋಗುವ ಕಾಯಿಲೆ. ಆಪರೇಷನ್ ಮಾಡಿದರೂ ಬರುವಂಥದ್ದಲ್ಲ ಎಂದರಂತೆ ಡಾಕ್ಟರು. ಕೊನೆಯ ಬೇಸಿಗೆಯಲ್ಲಿ ನಾನು ವಿದ್ಯಾನಗರಕ್ಕೆ ಹೋದಾಗ ದೂರದರ್ಶಕವನ್ನು ಹಿತ್ತಲಿಗೆ ತರಿಸಿದರು. "ವಸಿಷ್ಠನಿಗೆ ತಿರುಗ್ಸು" ಎಂದರು. ತಿರುಗಿಸಿ ಕೊಟ್ಟೆ. ಬಗ್ಗಿ ಕಣ್ಣಿಟ್ಟು ಬಹಳ ಹೊತ್ತು ಕೂತರು. ಅವರನ್ನು ನೋಡಿಕೊಳ್ಳುತ್ತಿದ್ದ ತಂಗಿಯ ಮಗಳು, "ಕಾಣ್ತಾ ದೊಡ್ಡಮ್ಮ?" ಎಂದಳು. ಹೂಂ ಅನ್ನಲಿ ಎಂಬ ಆಸೆ ಅವಳ ದನಿಯಲ್ಲೇ ಇತ್ತು. ನನಗೂ ಇತ್ತು.

"ಇಲ್ಲ. ಕಾಣಲ್ಲ" ಎಂದರು. ಮರುಕವಿಲ್ಲ, ನಡುಕವಿಲ್ಲ. ಕುರ್ಚಿ ಬಿಟ್ಟುಕೊಟ್ಟು, "ನೀ ನೋಡಿ ಹೇಳು" ಎಂದರು.

ಕಣ್ಣಲ್ಲಿ ನೀರಿದ್ದರೆ ನಕ್ಷತ್ರ ಕದಡಿಹೋಗುತ್ತದೆ. ಒರೆಸಿಕೊಂಡು, ನಿಂತು, ಮತ್ತೆ ನೋಡಿದೆ. "ಮೂರು ಅದಾವ್ರಿ ಅಕ್ಕೋರೆ."

"ಸರಿ" ಎಂದರು. ಬೇರೆಯವರ ಬಾಯಿಂದ ಕೇಳಿದ್ದನ್ನು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳದವರು ಆವತ್ತು ನನ್ನ ಕಣ್ಣನ್ನು ನಂಬಿದರು. ನನಗೆ ಯಾವ ಡಿಗ್ರಿಯೂ ಅಷ್ಟು ಹೆಮ್ಮೆ ಕೊಟ್ಟಿಲ್ಲ.

ಆ ಮಳೆಗಾಲ ಮುಗಿಯುವುದರೊಳಗೆ ಅಕ್ಕೋರು ಹೋದರು. ದೂರದರ್ಶಕ ಹದಡಿಯ ಕಡೆಯ ಒಂದು ಶಾಲೆಗೆ ಹೋಯಿತು. ಮಕ್ಕಳು ನೋಡುತ್ತಿದ್ದಾರೆ, ಅದು ಸರಿಯಾದ ಜಾಗವೇ.

ಮೊನ್ನೆ ಸಂಜೆ ಅಡುಗೆ ಒಲೆ ಆರಿಸಿ ಒಬ್ಬಳೇ ಮಾಳಿಗೆ ಹತ್ತಿದೆ. ಹೈವೇ ದೀಪಗಳ ಬೆಳಕು ಹೆಚ್ಚಾಗಿದೆ, ನನ್ನ ಕಣ್ಣಿಗೂ ವಯಸ್ಸಾಗಿದೆ. ವಸಿಷ್ಠ ಸಿಕ್ಕ. ಅವನ ಪಕ್ಕದಲ್ಲಿ ಎಷ್ಟು ಹುಡುಕಿದರೂ ಏನೂ ಇಲ್ಲ. "ಅರುಂಧತಿ ಕಾಣ್ತಿಲ್ರಿ ಅಕ್ಕೋರೆ" ಎಂದು ಬಾಯಿಬಿಟ್ಟೇ ಹೇಳಿದೆ. ಹೇಳಿ ಸ್ವಲ್ಪ ಹೊತ್ತು ಕಾದೆ... ಸರಿ ಎನ್ನಲು ಅವರು ಇರಲಿಲ್ಲ.