ತೂಕ ಇಳಿಸಿದ ಹೊಲಿಗೆ

ನನ್ನ ದಾರ-ಗುಂಡಿ ಅಂಗಡಿಗೂ ಪಕ್ಕದ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದೇ ಹಲಗೆ ಗೋಡೆ. ಆ ಕಡೆ ಪಿಸುಗುಟ್ಟಿದ್ದು ಈ ಕಡೆ ಚೆನ್ನಾಗಿಯೇ ಕೇಳುತ್ತದೆ. ಕಿವಿ ಮುಚ್ಚಿಕೊಂಡು ವ್ಯಾಪಾರ ಮಾಡುವ ಅಭ್ಯಾಸ ನನಗಿಲ್ಲ.

ಅಲ್ಲಿ ಗಂಡ ಹೆಂಡತಿ ಇಬ್ಬರೂ ದರ್ಜಿಗಳು. ಮದುವೆಯಾದಾಗಿನಿಂದ ಅವರದೊಂದು ರೂಢಿ: ಅವನ ಅಂಗಿ ಅವಳು ಹೊಲಿಯಬೇಕು, ಅವಳದು ಅವನು. ಗಿರಾಕಿಗಳ ಬಟ್ಟೆಯಲ್ಲಿ ಒಂದು ಹೊಲಿಗೆ ಸೊಟ್ಟಗಿದ್ದರೂ ಬಿಚ್ಚಿ ಹೊಲಿಯುವ ಹೆಂಗಸು, ತನ್ನ ಅಂಗಿಯನ್ನು ಮಾತ್ರ ಒಮ್ಮೆಯೂ ಒಳಮಗ್ಗುಲು ತಿರುಗಿಸಿ ನೋಡಿದವಳಲ್ಲ.

ಕೂತು ಕೂತು ಅವಳ ನಡು ದಪ್ಪವಾಗಿ ಮಂಡಿ ನೋವು ಶುರುವಾಯಿತು. ಅದೇ ಸಮಯಕ್ಕೆ ಗಂಡನ ತಂಗಿ ಬಂದಳು, ಚೀಲದ ತುಂಬ ತೂಕ ಇಳಿಸುವ ಪುಡಿಯ ಡಬ್ಬಗಳು.

"ಅತ್ತಿಗೆ, ಬೆಳಿಗ್ಗೆ ಒಂದು ಚಮಚ ನೀರಿಗೆ ಹಾಕಿ ಕುಡೀರಿ ಸಾಕು. ಕೊಬ್ಬು ತಾನಾಗೇ ಕರಗುತ್ತೆ."

"ನೀನೂ ಕುಡೀತೀಯೇನೇ?"

"ನಂಗ್ಯಾಕೆ? ನಾನು ಸಣ್ಣಗೇ ಇದೀನಲ್ಲ."

ನನ್ನ ಅಂಗಡಿಗೂ ಬಂದಳು. "ಅಣ್ಣ, ಎರಡು ಡಬ್ಬ ಇಟ್ಕೊಳ್ಳಿ."

"ಬೇಡಮ್ಮ. ಜನರ ಹೊಟ್ಟೆ ಇಳಿದು ಗುಂಡಿ ಕಿತ್ತುಹೋಗೋದು ನಿಂತ್ರೆ, ನನ್ನ ಹೊಟ್ಟೆ ಗತಿ ಏನು?" ಎಂದು ಸಾಗಹಾಕಿದೆ.

ಅತ್ತಿಗೆ ಕುಡಿಯಲು ಶುರುಮಾಡಿದಳು. ಎಲ್ಲರ ನಡುವಿಗೂ ಟೇಪು ಸುತ್ತುವವಳಿಗೆ ತನ್ನ ನಡುವಿಗೆ ಸುತ್ತಿಕೊಳ್ಳಲು ನಾಚಿಕೆ. ತಕ್ಕಡಿಯ ಗೊಡವೆಯೂ ಇಲ್ಲ. ಅಂಗಿ ಸಡಿಲವಾದರೆ ಅದೇ ಲೆಕ್ಕ. ಕೆಲವು ವಾರಕ್ಕೆ ಅಂಗಿ ನಿಜವಾಗಿಯೂ ಸಡಿಲವಾಯಿತು. ನಡುವಿನ ಹತ್ತಿರ ಬಟ್ಟೆ ಹಿಡಿದೆಳೆದು ಗಿರಾಕಿಗಳಿಗೆ ತೋರಿಸಿದಳು. ಅಳತೆ ಕೊಡಲು ಬಂದ ಹೆಂಗಸರು ಒಂದೊಂದು ಡಬ್ಬ ಹಿಡಿದು ಹೋದರು. ನಾದಿನಿ ಹೊಸ ಚೀಲ ಕೊಂಡಳು.

ಆದರೆ ಅತ್ತಿಗೆಗೆ ಎದೆ ಡವಡವ, ನಿದ್ದೆ ದೂರ. ಒಂದು ದಿನ ನನ್ನ ಹತ್ತಿರ ಬಂದು, "ಅಣ್ಣ, ಈ ಸಲದ ಸೂಜಿ ಕಣ್ಣು ಸಣ್ಣ ಇದೆ, ಬದಲಾಯಿಸಿ ಕೊಡಿ" ಅಂದಳು.

"ಸೂಜಿನೂ ನಿನ್ನ ಪುಡಿ ಕುಡಿದಿರಬೇಕು."

ಅವಳು ನಗಲಿಲ್ಲ. ಸೂಜಿ ಹಿಡಿದ ಬೆರಳು ನಡುಗುತ್ತಿತ್ತು. ಮುಂದಿನ ವಾರ ಗಿರಾಕಿಯ ಬೆಲೆಬಾಳುವ ಬಟ್ಟೆಯ ಮೇಲೆ ಕತ್ತರಿ ಅಡ್ಡ ಹೋಯಿತು. ಕೈ ಹೋದರೆ ದರ್ಜಿಗೆ ಉಳಿಯುವುದೇನು? ಗಂಡನನ್ನು ಕೇಳಿದಳು: "ರೀ, ಪುಡಿ ಬಿಟ್ಟುಬಿಡ್ಲಾ?"

"ಇಷ್ಟು ಇಳಿದಮೇಲೆ ಬಿಡ್ತಾರೇನೇ? ಕೈಗೆ ಸುಸ್ತು, ಅಷ್ಟೇ."

ಕೊನೆಗೆ ಮಂಡಿ ನೋವಿಗೆ ತೋರಿಸಿದ್ದ ಡಾಕ್ಟರ ಹತ್ತಿರವೇ ಹೋದಳು. ಅಲ್ಲಿಂದ ಮುಂದಿನದು ಆಮೇಲೆ ಅವಳೇ ನನಗೆ ಹೇಳಿದ್ದು. ಡಬ್ಬ ನೋಡಿ ಅವರು, ಇದರಲ್ಲಿ ಏನು ಬೆರೆಸಿದ್ದಾರೋ, ಇವತ್ತೇ ನಿಲ್ಲಿಸಿ ಎಂದರು.

"ಆದ್ರೆ ಇಳಿದಿದೀನಲ್ಲ, ಡಾಕ್ಟ್ರೇ."

"ತಕ್ಕಡಿ ಹಾಗೆ ಹೇಳ್ತಿಲ್ಲಮ್ಮ. ಹೋದ ಸಲಕ್ಕಿಂತ ಸ್ವಲ್ಪ ಏರಿದೆ."

ಅಂಗಡಿಗೆ ಬಂದವಳು ಪರದೆಯ ಹಿಂದೆ ಹೋಗಿ ಅಂಗಿ ಕಳಚಿ ತಿರುಗಿಸಿದಳು. ಮುಂದೆ ದಪ್ಪವಾದರೆ ಇರಲಿ ಎಂದು ಒಳಗೆ ಮಡಚಿಬಿಟ್ಟ ಬಟ್ಟೆ ಎರಡೂ ಪಕ್ಕದಲ್ಲಿ ಮಾಯ. ಹಳೆಯ ಹೊಲಿಗೆ ಬಿಚ್ಚಿದ ತೂತುಗಳ ಸಾಲು, ಅದರಾಚೆ ಅಂಚಿಗೆ ಹತ್ತಿರ ಹೊಸ ಹೊಲಿಗೆ; ಅಂಗಿಯೇ ಅಗಲವಾಗಿತ್ತು. ಆ ಹೊಲಿಗೆ ಯಾರದೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಅಲ್ಲೇ ತೂಗುಹಾಕಿದ್ದ ತನ್ನ ಉಳಿದ ಅಂಗಿಗಳನ್ನೂ ತಿರುಗಿಸಿದಳು. ಎಲ್ಲದರದ್ದೂ ಅದೇ ಕಥೆ.

ಹಲಗೆಯ ಆಚೆ ಮಿಷನ್ ನಿಂತಿತು.

"ತಂಗಿ ಬಾಳು ಒಂದು ದಡ ಸೇರ್ಲಿ ಅಂತ," ಎಂದ ಅವನು. "ನಿನ್ನ ನೋಡೇ ತಾನೇ ಎಲ್ಲರೂ ತಗೊಂಡಿದ್ದು? ನಿಂಗೂ ಖುಷಿಯಾಗಿತ್ತು. ದಿನಾ ನೋಡ್ತಿದ್ನಲ್ಲ."

"ನನ್ನ ಕೈ ನಡುಗ್ತಿದ್ದಿದ್ದೂ ದಿನಾ ನೋಡ್ತಿದ್ರಿ."

ನಾನೂ ಗುಂಡಿ ಡಬ್ಬ ಅಲ್ಲಾಡಿಸುವುದನ್ನು ನಿಲ್ಲಿಸಿದ್ದೆ.

ಪುಡಿ ಬಿಟ್ಟ ಮೇಲೆ ಬೆರಳುಗಳು ಹಿಡಿತಕ್ಕೆ ಬಂದವು. ನಾದಿನಿ ಈ ಬೀದಿಗೆ ಬರುವುದನ್ನು ಬಿಟ್ಟಳು. ಪುಡಿ ಕೊಂಡಿದ್ದ ಗಿರಾಕಿ ಯಾರೇ ಬರಲಿ, ಅತ್ತಿಗೆ ಅಳತೆ ತೆಗೆಯುತ್ತಲೇ ಹೇಳುತ್ತಾಳೆ: "ಅದನ್ನ ಬಿಟ್ಬಿಡಿ. ನಾನು ಇಳಿದಿರಲಿಲ್ಲ."

"ಅಯ್ಯೋ, ಅಂಗಿ ಸಡಿಲ ಆಗಿತ್ತಲ್ಲ, ನಾನೇ ನೋಡಿದ್ನಲ್ಲ?"

"ನಮ್ಮ ಯಜಮಾನರು ಹೊಲಿಗೆ ಬಿಚ್ಚಿದ್ರು. ಅಲ್ಲೇ ಕೂತಿದಾರೆ, ಕೇಳಿ."

ಗಿರಾಕಿ ಅತ್ತ ತಿರುಗುತ್ತಾರೆ. ಅವನು ತಲೆ ಎತ್ತದೆ, ಹೌದು ಎನ್ನುತ್ತಾನೆ. ಪುಡಿ ಕೊಂಡು ಇನ್ನೂ ಬಾರದ ಗಿರಾಕಿಗಳು ಬಹಳ ಮಂದಿ ಇದ್ದಾರೆ.